ಮೈನಸ್ ಮೈನಸ್ ಪ್ಲಸ್ ಯಾಕ್ರಿ? 38ಕ್ಕ ಎಸ್ಸೆಸ್ಸೆಲ್ಸಿ ಕಟ್ಟೀನಿ, ಲೆಕ್ಕ ತಲಿಗೆ ಹತ್ತವಲ್ದು

ನವನಗರ ಜಂಪರ್:
ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಸುಮ್ನ ಓದ್ಕೋತ ಕುಂತು ಎರಡ ವರ್ಷ ಆತು, ಬರಿಯಾಕತ್ತಿದ್ದು ಇದ ಮೊದಲ. ನಂಗ 38. ಬಾಗಲಕೋಟಿ ನವನಗರದಾಗ ಮನ್ಯಾಗ ಮಷಿನ್ ಇಟ್ಕೊಂಡು ಜಂಪರ್ (ಬ್ಲೌಸ್) ಹೊಲೀತೀನಿ, ಫಾಲ್ ಪಿಕೋನೂ ಮಾಡ್ತೀನಿ. ಮೂಲ ಊರು ಬೀಳಗಿ ತಾಲೂಕಿಂದು, ಆಲಮಟ್ಟಿ ಹಿನ್ನೀರಾಗ ಹೋತು. ನಾ ಏಳನೇತ್ತಾ ಇದ್ದಾಗ ತೊಲಿ, ಬಾಗಲಾ ಸುದ್ದಾ ಬಿಚ್ಚಿ ಟ್ರ್ಯಾಕ್ಟರಿನ್ಯಾಗ ಹೇರ್ಕೊಂಡು ಪುನರ್ವಸತಿ ಕೇಂದ್ರಕ್ಕ ಬಂದ್ವಿ, ಹೊಸಾ ಊರಾಗ ಸಾಲಿ ತಗಡಿನ ಶೆಡ್ಡಿನ್ಯಾಗ, ಲೆಕ್ಕದ ಮಾಸ್ತರು ಇಲ್ಲ, ಅಪ್ಪ ಅಂದ ಈ ವರ್ಷ ಮನಿ ಕಟ್ಟೂದೈತಿ ಮಣ್ಣ ಹೊರಾಕ ಮಂದಿ ಬೇಕು, ಮುಂದಿನ ವರ್ಷ ಸಾಲಿಗೆ ಹೋಗೀಯಂತ. ಆ ಮುಂದಿನ ವರ್ಷ ಈಗ ಬಂದೈತಿ ನೋಡ್ರಿ.

ಖಾಸಗಿ ಅಭ್ಯರ್ಥಿ ಅಂತ ಕಟ್ಟೀನಿ. ಕನ್ನಡ, ಸಮಾಜ ಓದಿದ್ರ ತಿಳೀತೈತಿ, ವಿಜ್ಞಾನ ಅರ್ಧಂಬರ್ಧ, ಇಂಗ್ಲಿಷ್ ದೇವರ ಮ್ಯಾಲ ಭಾರ. ಲೆಕ್ಕದ ಪುಸ್ತಕ ತಗದ್ರ ಮಾತ್ರ ಹೊಟ್ಯಾಗ ಕಲಸಿದಂಗ ಆಕೈತಿ. ಹತ್ತನೇತ್ತಾ ಪುಸ್ತಕ ಮುಚ್ಚಿಟ್ಟು ಮಗನ ಎಂಟನೇತ್ತಾ ಪುಸ್ತಕ ಹಿಡಿದೆ, ಅದೂ ಆಗವಲ್ದು. ನಿನ್ನಿ ರಾತ್ರಿ ಈ ಲೆಕ್ಕ ಮಾಡೀನಿ:

5ಕ್ಷ − 3(ಕ್ಷ − 4) = 20

(ಎಕ್ಸ್ ಬದಲಿ ಕ್ಷ ಹಾಕೀನ್ರಿ, ಫೋನಿನ್ಯಾಗ ಘಡಿಘಡಿ ಕೀಬೋರ್ಡ್ ಬದಲಸೂದು ಬ್ಯಾಸರ. ಕ್ಷ-ಕಿರಣ ಅಂತಾರಲ್ಲ ಹಂಗ ತಿಳ್ಕೊರಿ.)

ನಂಗ 16 ಬಂತು. ಮಗ ಅಂದ 4. ಯಾಕೋ ಅಂದ್ರ "ಮೈನಸ್ ಮೈನಸ್ ಪ್ಲಸ್ ಯವ್ವಾ, ಅಷ್ಟ" ಅಂದಾಂವ ಕ್ರಿಕೆಟ್ಟಿಗೆ ಓಡಿದ. ಯಾಕ ಪ್ಲಸ್? ಕಡಿಮಿದ್ದದ್ರಾಗ ಮತ್ತ ಕಡಿಮಿ ಮಾಡಿದ್ರ ಇನ್ನೂ ಕಡಿಮಿ ಆಗಬೇಕಲ್ರಿ? ನಗಬ್ಯಾಡ್ರಿ. ಒಂದ ಟ್ಯೂಶನ್ನಿಗೆ ಕೇಳಾಕ ಹೋಗಿದ್ದೆ, ಈ ವಯಸ್ಸಿನ್ಯಾಗ ಹುಡುಗರ ನಡಕ ಕುಂದ್ರಾಕ ನಿಮಗ ಒಂಥರಾ ಅನಿಸೂದಿಲ್ಲೇನ್ರಿ ಅಂದ್ರು, ಒಳಗ ಕುಂತಿದ್ದ ಹುಡುಗರು ಕಿಸಕ್ ಅಂದ್ವು, ಚಪ್ಪಲಿ ಮೆಟ್ಟಕೊಂಡು ಬಂದೆ.

ಚಿಕ್ಕೋಡಿ ಸ್ಟೇರಿಂಗ್:
ಅಕ್ಕಾರ, ನಾ ಬಸ್ ಡ್ರೈವರ್ ಕೆಲಸಕ್ಕ ಅರ್ಜಿ ಹಾಕಾಕ ಅಂತ 33ನೇ ವಯಸ್ಸಿಗೆ ಬರದು ಪಾಸ್ ಆಗೀನಿ, ಮೂರನೇ ಸಲಕ್ಕ. ಖರೇ ಹೇಳ್ತೀನಿ, ಯಾಕ ಅಂತ ಕೇಳಾಕ ಹೋಗಬ್ಯಾಡ್ರಿ. ಪಾಸಿಂಗ್ ಪ್ಯಾಕೇಜ್ ಅಂತ ಬರ್ತೈತಿ, ಅದನ್ನ ಬಾಯಿಪಾಠ ಹೊಡೀರಿ. ಸರಾಸರಿ, ಬಹುಲಕ, ಗ್ರಾಫ್, ಥೇಲ್ಸ್ ಪ್ರಮೇಯ, ಪೈಥಾಗೊರಸ್, ಮುಗೀತು. ಇನ್ನೊಂದು ನೆನಪಿಡ್ರಿ, ನಾ ಬರಿಯೂವಾಗ ಸಾಲಿ ಹುಡುಗರಿಗೆ 80ರ ಪೇಪರ್, ಉಳದ 20 ಸಾಲ್ಯಾಗ ಹಾಕ್ತಿದ್ರು, ನಮ್ಮಂಥಾ ಖಾಸಗಿಯವರಿಗೆ ಪೂರಾ 100ರ ಪೇಪರ್. ಅಂದ್ರ ಕೈ ಹಿಡಿಯಾಕ ಯಾರೂ ಇಲ್ಲ, ಪೇಪರ್ ಒಂದ ಗತಿ. ಅದಕ್ಕ ಮೈನಸ್ ಯಾಕ ಪ್ಲಸ್ ಆಕೈತಿ ಅಂತ ಕುಂತ್ರ ಮಾರ್ಚ್ ಬಂದು ಹೋಗಿರ್ತೈತಿ.

ಹುನಗುಂದ ಬಿಎಸ್ಸಿ:
ಇದು ಬೇಸಿಕ್ ಆಂಟಿ. ವಿಭಾಜಕ ನಿಯಮ. −3 ಅನ್ನೋದು ಬ್ರಾಕೆಟ್ ಒಳಗಿನ ಎರಡೂ ಪದಕ್ಕೂ ಗುಣಿಸ್ಬೇಕು, (−3)(−4) = +12. ರೂಲ್ ಅಷ್ಟೇ.

ಗೌಂಡಿ ಜಮಖಂಡಿ:
ಏ ತಂಗಿ ಆಂಟಿ ಅನಬ್ಯಾಡ, ಅಕ್ಕಾ ಅನ್ನು. ಮತ್ತ ರೂಲ್ ಅಷ್ಟ ಅಂತ ಅವರ ಮಗನೂ ಅಂದಾನ, ಅದಕ್ಕ ಆಕಿ ಇಲ್ಲಿ ಬಂದಾಳ.

ಉದ್ರಿ ಅಂಗಡಿ ಬನಹಟ್ಟಿ:
ನಾ ಕಲ್ತಾಂವಲ್ಲ, ಕಿರಾಣಿ ಅಂಗಡಿ ಐತಿ. ನಂಗ ಹಿಂಗ ತಿಳೀತು ನೋಡ್ರಿ. ನನ್ನ ಉದ್ರಿ ವಹಿಯಾಗ ನಿಮ್ಮ ಹೆಸರಿಗೆ 50 ರೂಪಾಯಿದು ಮೂರು ಉದ್ರಿ ಬರ್ಕೊಂಡೀನಿ ಅನ್ರಿ, ಅಂದ್ರ ನಿಮಗ ಮೈನಸ್ 150. ಆಮ್ಯಾಲ ಗೊತ್ತಾತು ಮೂರೂ ನಿಮ್ಮವಲ್ಲ, ಬಾಜೂ ಮನಿಯವರವು. ಮೂರೂ ಗೀಟ ಹೊಡದು ತಗದೆ. ತಗದದ್ದು ಮೈನಸ್, ಏನ ತಗದೆ ಉದ್ರಿ, ಅದೂ ಮೈನಸ್. ನಿಮಗ ಲುಕ್ಸಾನ ಆತೋ ಫಾಯದೆ ಆತೋ? 150 ಫಾಯದೆ. ಸಾಲಾ ತಗದು ಹಾಕಿದ್ರ ಗಳಿಸಿದಂಗ. ನೀವು "ಕಡಿಮಿದ್ದದ್ರಾಗ ಮತ್ತ ಕಡಿಮಿ" ಅಂದ್ರೆಲ್ಲ, ಅದು ಉದ್ರಿ ಮ್ಯಾಲ ಉದ್ರಿ ಮಾಡಿದಂಗ, ಅದು ಕೂಡಸೂದು. ಇದು ಉದ್ರಿ ಅಳಿಸೂದು. ಎರಡೂ ಬ್ಯಾರೆ ಬ್ಯಾರೆ.

ಗೋಕಾಕ ರಿಟೈರ್ಡ್ ಮಾಸ್ತರ:
ಅಂಗಡಿಯವರು ಹೇಳಿದ್ದು ಲಾಖಕ್ಕ ಒಂದು ಮಾತು. ಪುಸ್ತಕದಾಗ ಋಣ ಸಂಖ್ಯೆ, ಧನ ಸಂಖ್ಯೆ ಅಂತ ಯಾಕ ಅಂತಾರ ವಿಚಾರ ಮಾಡ್ರಿ. ಋಣ ಅಂದ್ರ ಸಾಲ, ಧನ ಅಂದ್ರ ರೊಕ್ಕ. 628ನೇ ಇಸವಿಯಾಗ ಬ್ರಹ್ಮಗುಪ್ತ ಈ ನಿಯಮ ಬರದು ಇಟ್ಟಾನ, ಋಣಕ್ಕ ಋಣ ಗುಣಿಸಿದ್ರ ಧನ ಅಂತ. ಅಂವನೂ ಸಾಲದ ವಹಿ ಭಾಷಾದಾಗೇ ಹೇಳಿದ್ದು.

ತಂಗಿ, ನೀವು 16 ಹ್ಯಾಂಗ ತಂದ್ರಿ, ಒಂದೊಂದ ಸಾಲೂ ಬಿಡದಂಗ ಇಲ್ಲಿ ಹಾಕ್ರಿ. ಉತ್ತರ ನೋಡಿ ನಾ ಏನೂ ಹೇಳಾಕ ಬರೂದಿಲ್ಲ.

ನವನಗರ ಜಂಪರ್:
5ಕ್ಷ − 3ಕ್ಷ − 12 = 20
2ಕ್ಷ = 20 + 12
2ಕ್ಷ = 32
ಕ್ಷ = 16

ಗೋಕಾಕ ರಿಟೈರ್ಡ್ ಮಾಸ್ತರ:
ನಾಲ್ಕು ಸಾಲಾಗ ಮೂರು ಸರಿ ಅದಾವಲ್ರಿ. ಮೂರನ್ನ ಒಳಗ ಎರಡಕ್ಕೂ ಗುಣಿಸೀರಿ, ಭಾಳ ಮಂದಿ ಬರೇ ಮೊದಲನೇದಕ್ಕ ಗುಣಿಸಿ ಕೈ ಬಿಡ್ತಾರ. 12 ಆ ಕಡೆ ಒಯ್ದು ಪ್ಲಸ್ ಮಾಡೀರಿ, ಅದೂ ಸರಿ. ತಪ್ಪಿದ್ದು ಮೊದಲನೇ ಸಾಲಿನ್ಯಾಗ ಒಂದ ಗೀಟು. ಇಷ್ಟಕ್ಕ ಹೊಟ್ಟಿ ಕಲಸಗೊಡಬ್ಯಾಡ್ರಿ.

ಈಗ ನಿಮ್ಮ ದಂಧೇದಾಗ ಹೇಳ್ತೀನಿ. ಐದು ಮಂದಿ ಜಂಪರ್ ಹೊಲಿಯಾಕ ಕೊಟ್ರು, ಪ್ರತಿಯೊಬ್ಬರೂ ಕ್ಷ ರೂಪಾಯಿ ಮುಂಗಡ ಕೊಟ್ರು. ನಿಮ್ಮ ಡಬ್ಬಿಯಾಗ 5ಕ್ಷ. ಆಮ್ಯಾಲ ಮೂರು ಮಂದಿ ಬಂದು ಬ್ಯಾಡ ತಿರುಗಿ ಕೊಡ್ರಿ ಅಂದ್ರು. ನೀವಂದ್ರಿ, ದಾರ ಹುಕ್ಕು ತಂದೀನಿ, 4 ರೂಪಾಯಿ ಮುರಕೊಂಡು ಕೊಡ್ತೀನಿ. ಒಬ್ಬೊಬ್ಬರಿಗೆ ಕೊಟ್ಟಿದ್ದು ಕ್ಷ − 4. ಮೂರು ಮಂದಿಗೆ 3(ಕ್ಷ − 4). ಡಬ್ಬಿಯಾಗ ಉಳದದ್ದು 20. ನಿಮ್ಮ ಲೆಕ್ಕ ಇದ ಅಲ್ಲೇನು?

ಹಂಗಾರ ಆ ಮುರಕೊಂಡ ನಾಕ್ ನಾಕ್ ರೂಪಾಯಿ, ಮೂರ್ ನಾಕ್ಲೆ ಹನ್ನೆರಡು, ಎಲ್ಲಿ ಐತಿ? ಡಬ್ಬಿಯಾಗೋ, ಅವರ ಕೈಯಾಗೋ?

ನವನಗರ ಜಂಪರ್:
ಡಬ್ಬಿಯಾಗ ಐತಲ್ರಿ.

ಅಯ್ಯ ಶಿವನ. ನನ್ನ ಕಡೆ ಉಳೀತು. ಅದಕ್ಕ ಪ್ಲಸ್ 12.

5ಕ್ಷ − 3ಕ್ಷ + 12 = 20
2ಕ್ಷ = 8
ಕ್ಷ = 4

ಇಪ್ಪತ್ತ ನಾಕ ವರ್ಷ ಆತ್ರಿ ನಾ ಸಾಲಿ ಬಿಟ್ಟು.

ಚಿಕ್ಕೋಡಿ ಸ್ಟೇರಿಂಗ್:
ನಾಕ ರೂಪಾಯಿಗೆ ಜಂಪರ್ ಎಲ್ಲಿ ಹೊಲೀತಾರ ಮಾಸ್ತರ, ಅಡ್ರೆಸ್ ಹಾಕ್ರಿ, ನಮ್ಮ ಮನಿಯವರನ್ನ ಕಳಸ್ತೀನಿ 😀

ಗೋಕಾಕ ರಿಟೈರ್ಡ್ ಮಾಸ್ತರ:
ನಗ್ರಿ ನಗ್ರಿ. ಆದ್ರ ಅದ ನಾಕ ರೂಪಾಯಿ ಇಟ್ಟು ತಾಳೆ ನೋಡ್ರಿ. ಮುಂಗಡ 4, ಮುರಕೊಂಡದ್ದೂ 4, ಅಂದ್ರ ತಿರುಗಿ ಕೊಟ್ಟಿದ್ದು ಸೊನ್ನಿ. ಐದ್ ನಾಕ್ಲೆ ಇಪ್ಪತ್ತೂ ಡಬ್ಬಿಯಾಗೇ ಉಳೀತು. ಲೆಕ್ಕ ಕೂಡ್ತು. ತಂಗಿ, ಉತ್ತರ ಸರಿ ಐತೋ ಇಲ್ಲೋ ಅಂತ ಮಗನ್ನ ಕೇಳೂದು ಇವತ್ತಿಂದ ಬ್ಯಾಡ. ಬಂದ ಉತ್ತರ ಕ್ಷ ಇದ್ದಲ್ಲಿ ಇಟ್ಟು ನೋಡ್ರಿ, ಲೆಕ್ಕನ ಹೇಳ್ತೈತಿ. ಟೇಪ್ ಹಿಡದು ಎರಡನೇ ಸಲ ಅಳೀತೀರಲ್ಲ ಕತ್ರಿ ಹಾಕೂ ಮೊದಲ, ಅದ ರೂಢಿ.

ಇಂಡಿ ಲಿಂಬಿತೋಟ:
ಅಕ್ಕಾ ಧೈರ್ಯ ಬಿಡಬ್ಯಾಡ್ರಿ!! ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಾಗ 96ನೇ ವಯಸ್ಸಿನ್ಯಾಗ ಸಾಕ್ಷರತಾ ಪರೀಕ್ಷಾ ಬರದು 100ಕ್ಕ 98 ತಗೊಂಡ್ರು 🙏🙏 ನೀವಿನ್ನೂ 38!!

ಗೌಂಡಿ ಜಮಖಂಡಿ:
ಆ ಅಜ್ಜಿಗೆ ಕೈ ಮುಗೀತೀನಿ, ಆದ್ರ ಆಕಿ ಪೇಪರಿನ್ಯಾಗ ಬೀಜಗಣಿತ ಇರ್ಲಿಲ್ಲಪ್ಪ.

ಬೆಳಗಾವಿ ಖಡೇಬಜಾರ:
ಯಾರೂ ಹೇಳ್ಲಿಲ್ಲ ಅಂತ ಹೇಳ್ತೀನಿ, ಎನ್‌ಐಒಎಸ್ ಅಂತ ಐತಿ, ರಾಷ್ಟ್ರೀಯ ಮುಕ್ತ ಶಾಲೆ, 1989ರಿಂದ ಐತಿ. ಅದರಾಗ ಹತ್ತನೇತ್ತಾ ಐದು ವಿಷಯ ಆರಿಸ್ಕೊಬೇಕು, ಗಣಿತ ಕಡ್ಡಾಯ ಇಲ್ಲ. ನಮ್ಮ ಮೈದುನ ಲೆಕ್ಕ ಬಿಟ್ಟು ಬ್ಯಾರೆ ತಗೊಂಡು ಆರಾಮ ಪಾಸ್ ಆದ. ಇಷ್ಟ್ಯಾಕ ಒದ್ದಾಡ್ತೀರಿ? ಹಾಂ, ಮುಂದ ಡಿಪ್ಲೊಮಾ ಗಿಪ್ಲೊಮಾ ಮಾಡೂದಿದ್ರ ಹತ್ತನೇತ್ತಾದಾಗ ಗಣಿತ ಬೇಕಾಕೈತಿ, ಅದೊಂದು ನೋಡ್ಕೊಳ್ರಿ.

ನವನಗರ ಜಂಪರ್:
ಖರೇನ್ರಿ ಅಣ್ಣಾರ, ನಂಗೂ ಯಾರೋ ಹೇಳಿದ್ರು. ಸರ್ಟಿಫಿಕೇಟ್ ಒಂದ ಬೇಕಾಗಿದ್ರ ಹಂಗ ಮಾಡ್ತಿದ್ದೆ. ಆದ್ರ ನೋಡ್ರಿ, ಸಂಘದಾಗ ನೂರಕ್ಕ ಎರಡು ರೂಪಾಯಿ ಬಡ್ಡಿ ಅಂತ ಸಾಲಾ ತಗೊಂಡೆ, ಬ್ಯಾಂಕಿನ್ಯಾಗ ನೂರಕ್ಕ ಹನ್ನೆರಡು ಅಂದ್ರು. ಹನ್ನೆರಡು ಭಾಳ ಆತಲ್ಲ ಅಂತ ಬ್ಯಾಂಕಿನ್ಯಾಗಿಂದು ಬ್ಯಾಡ ಅಂದೆ. ಎರಡು ಅನ್ನೂದು ತಿಂಗಳಿಗೆ, ಹನ್ನೆರಡು ವರ್ಷಕ್ಕ ಅಂತ ಗೊತ್ತಾಗಾಕ ಎಂಟ ತಿಂಗಳ ಬೇಕಾತು. ವರ್ಷಕ್ಕ 24 ಕಟ್ಟೀನ್ರಿ. ಯಾರೂ ಮೋಸ ಮಾಡಿಲ್ಲ, ಎಲ್ಲಾ ಬರದಿದ್ರು, ನಂಗ ಓದಾಕ ಬರ್ಲಿಲ್ಲ. ಅದಕ್ಕ ಲೆಕ್ಕ ಬಿಟ್ಟು ಪಾಸ್ ಆಗೂದು ಬ್ಯಾಡ.

ಬೆಳಗಾವಿ ಖಡೇಬಜಾರ:
ಹಂಗಾರ ನನ್ನ ಮಾತು ವಾಪಸ್.

ಚಿಕ್ಕೋಡಿ ಸ್ಟೇರಿಂಗ್:
ನಂದು ವಾಪಸ್ ಇಲ್ಲ. ಮೊದಲ ಪಾಸ್ ಆಗ್ರಿ, ಆಮ್ಯಾಲ ಬೇಕಾದಷ್ಟು ತಿಳ್ಕೊರಿ.

ನವನಗರ ಜಂಪರ್:
ಇವತ್ತ ಭಿನ್ನರಾಶಿ ಹಿಡಿದೀನಿ. ಮಾಸ್ತರ ಬೈಬ್ಯಾಡ್ರಿ, 1/2 + 1/3 ಎಷ್ಟು ಅಂದ್ರ ನಾ 2/5 ಬರದೆ. ಮ್ಯಾಲಿಂದು ಮ್ಯಾಲ ಕೂಡಿಸಿದೆ, ಕೆಳಗಿಂದು ಕೆಳಗ ಕೂಡಿಸಿದೆ. ತಪ್ಪಂತ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತಗೀರಿ ಅಂತ ಬರದಾರ. ಲಸಾಅ ಯಾಕ? ಇದು ಆರನೇತ್ತಾ ಲೆಕ್ಕ, ಆರನೇತ್ತಾ ನಾ ಪಾಸ್ ಆಗಿದ್ದೆ ಅಂತ ನೆನಪೈತಿ, ಹ್ಯಾಂಗ ಆಗಿದ್ದೆ ಗೊತ್ತಿಲ್ಲ.

ಹುನಗುಂದ ಬಿಎಸ್ಸಿ:
ಅಕ್ಕಾ (ಸಾರಿ ಆವತ್ತು ಆಂಟಿ ಅಂದಿದ್ದಕ್ಕೆ), ಒಂದು ಸಲ ಉತ್ತರ ನೋಡಿ. 2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ? ನಾನು ಈ ಮಾತು ಯೋಚನೆ ಮಾಡಿದ್ದೇ ಇವತ್ತು, ನಮಗೂ ಲಸಾಅ ತಗೀರಿ ಅಂತ ಮಾತ್ರ ಹೇಳಿಕೊಟ್ಟಿದ್ದು.

ಇಳಕಲ್ ಮಗ್ಗ:
ಅಕ್ಕಾ, ನಾವು ನೇಕಾರ ಮಂದಿ. ಒಂದ ವಾರ ಬಟ್ಟಿ ಅಂದ್ರ 36 ಇಂಚು, ನಿಮಗೂ ಗೊತ್ತೈತಿ. ಅರ್ಧ ವಾರ 18. ವಾರದಾಗ ಮೂರನೇ ಪಾಲು 12. ಕೂಡಿಸಿದ್ರ 30. 36ರಾಗ 30 ಅಂದ್ರ ಆರು ಪಾಲಿನ್ಯಾಗ ಐದು, 5/6. ನಿಮ್ಮ 2/5 ಅಂದ್ರ ಹದಿನಾಕೂವರಿ ಇಂಚೂ ಆಗೂದಿಲ್ಲ, ಗಿರಾಕಿ ಬಟ್ಟಿ ಕಮ್ಮಿ ಬಂತು ಅಂತ ಬಾಗಲಾಗ ಬಂದು ನಿಂದ್ರತಾಳ 😀

ನವನಗರ ಜಂಪರ್:
ಇಂಚಿನ್ಯಾಗ ಹೇಳಿದ್ರ ಹಿಂಗ ತಿಳೀತೈತಿ ನೋಡ್ರಿ. ಹಂಗಾರ ಲಸಾಅ ಅಂದ್ರ, ಅರ್ಧ ಮತ್ತ ಮೂರನೇ ಪಾಲು ಎರಡನ್ನೂ ಅಳಿಯಾಕ ಬರೂವಂಥಾ ಒಂದ ಸಣ್ಣ ತುಂಡು ಹುಡುಕೂದಾ? ಆರನೇ ಪಾಲು?

ಗೋಕಾಕ ರಿಟೈರ್ಡ್ ಮಾಸ್ತರ:
ನಾ ಮೂವತ್ತು ವರ್ಷ ಕಲಿಸೀನಿ, ಹಿಂಗ ಹೇಳಿದ ಹುಡುಗರು ಭಾಳ ಕಡಿಮಿ. ಅದ. ಛೇದ ಅಂದ್ರ ಏನು? ಕತ್ತರಿಸೂದು, ಎಷ್ಟು ತುಂಡ ಮಾಡೀವಿ ಅನ್ನೂದು. ಅಂಶ ಅಂದ್ರ ಆ ತುಂಡಿನ್ಯಾಗ ನಮ್ಮ ಪಾಲಿಗೆ ಬಂದದ್ದು ಎಷ್ಟು. ತುಂಡಿನ ಅಳತಿ ಬ್ಯಾರೆ ಬ್ಯಾರೆ ಇದ್ದಾಗ ಎಣಿಸಿ ಕೂಡಸಾಕ ಬರೂದಿಲ್ಲ. ರೊಟ್ಟಿ ತುಣುಕು, ಚಪಾತಿ ತುಣುಕು ಕೂಡಿಸಿ ಐದು ಅಂದಂಗ ಆಕೈತಿ.

ನಿಮಗ ದೀಡ (ಒಂದೂವರಿ), ಅಡೀಚ (ಎರಡೂವರಿ) ಗೊತ್ತು ಅಲ್ಲೇನು? ನಮ್ಮ ಕಾಲಕ್ಕ ಬರೇ ಮಗ್ಗಿ ಅಲ್ಲ, ಪಾವಕಿ, ದೀಡಕಿ, ಅಡೀಚಕಿ ಅಂತ ಬಾಯಿಪಾಠ ಮಾಡಸ್ತಿದ್ರು. ಏಳು ದೀಡ್ಲೆ ಎಷ್ಟು ಅಂದ್ರ ಹತ್ತೂವರಿ ಅಂತ ಹುಡುಗ ಕಣ್ಣ ಮುಚ್ಚಿ ಹೇಳ್ತಿದ್ದ. ಈಗ ಅದನ್ನ 7 × 3/2 ಅಂತ ಬರದ ಕೂಡ್ಲೆ ಎಲ್ಲಾರೂ ಕ್ಯಾಲ್ಕುಲೇಟರ್ ಹುಡುಕ್ತಾರ.

ನವನಗರ ಜಂಪರ್:
ದೀಡ, ಅಡೀಚ, ಪಾವಣೆ ಎರಡು, ಎಲ್ಲಾ ಗೊತ್ತ್ರಿ. ಎದಿ 36 ಇದ್ರ ನಾಕ ಭಾಗ ಮಾಡಿ 9, ಅದಕ್ಕ ದೀಡ ಇಂಚು ಮಾರ್ಜಿನ್, ಹತ್ತೂವರಿ. ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಆದ್ರ ಒಂದ ಮಾತು ಹೇಳ್ತೀನಿ ತಪ್ಪ ತಿಳ್ಕೊಬ್ಯಾಡ್ರಿ. ಎಲ್ಲಾರೂ "ನಿಂಗ ಹೊಲಿಗಿಯಾಗ ಲೆಕ್ಕ ಬರ್ತೈತಲ್ಲ, ಅದ ಇದು" ಅಂತಾರ. ಅದ ಇದಲ್ಲ. ಹೊಲಿಗಿಯಾಗ ಯಾರೂ ನಂಗ 3/8 ÷ 3/4 ಮಾಡು ಅಂತ ಕೇಳಿಲ್ಲ. ಅಲ್ಲಿ ಕೈ ತಾನ ನಡೀತೈತಿ, ಇಲ್ಲಿ ನಿಂತ ಬಿಡ್ತೈತಿ.

ಗೌಂಡಿ ಜಮಖಂಡಿ:
ಅಕ್ಕಾ ನೀವು ಹೇಳಿದ್ದು ಖರೇ, ನಂಗೂ ಹಂಗ ಆಕ್ಕಿತ್ತು, ನಾನೂ ಆರನೇತ್ತಾ ಬಿಟ್ಟಾಂವ, ಇಂಜಿನಿಯರ್ ಸಾಹೇಬ್ರು ಹಾಳಿ ಮ್ಯಾಲ 3/8 ಅಂತ ಬರದು ಕೊಟ್ರ ಏನಿದು ಅಂತ ಹೆದರ್ತಿದ್ದೆ ಆಮ್ಯಾಲ ನಮ್ಮ ಬಡಗ್ಯಾ ಮಾಮಾ ಅಂದ ಹುಚ್ಚಾ ಇದು ಮೂರು ಸೂತ ಅಂತ, ಇಂಚಿಗೆ ಎಂಟು ಸೂತ, ಟೇಪಿನ್ಯಾಗ ಇಂಚಿನ ನಡಕ ಎಂಟು ಮನಿ ಇರ್ತಾವಲ್ಲ ಅವ. 3/8 ಅಂದ್ರ ಮೂರು ಸೂತ, 3/4 ಅಂದ್ರ ಆರು ಸೂತ. ಈಗ ನಿಮ್ಮ ಲೆಕ್ಕ ಏನ ಕೇಳಾಕತ್ತೈತಿ, ಮೂರು ಸೂತದಾಗ ಆರು ಸೂತ ಎಷ್ಟು ಸಲ ಹಿಡೀತೈತಿ? ಅರ್ಧ ಸಲ. ಉತ್ತರ 1/2. ಭಾಗಸೂದು ಅಂದ್ರ ಅದ ಅಷ್ಟ, ಇದರಾಗ ಅದು ಎಷ್ಟು ಸಲ ಕುಂದ್ರತೈತಿ. ತಲಿ ಕೆಳಗ ಮಾಡಿ ಗುಣಸೂದು ಅಂತ ಸಾಲ್ಯಾಗ ಹೇಳ್ತಾರಂತ, ನಂಗ ಅದು ಗೊತ್ತಿಲ್ಲ.

ಹುನಗುಂದ ಬಿಎಸ್ಸಿ:
3/8 × 4/3 = 12/24 = 1/2. ಅಣ್ಣಾ ನಿಮ್ದೇ ಫಾಸ್ಟ್ ಆಯ್ತಲ್ಲ 😅

ನವನಗರ ಜಂಪರ್:
3/4 ÷ 1/8, ಆರು ಸೂತದಾಗ ಒಂದು ಸೂತ ಆರು ಸಲ, 6. ಭಾಗಿಸಿದ್ರೂ ದೊಡ್ಡದಾತು. ಮೊದಲ ಇದನ್ನ ನೋಡಿದಾಗ ಪುಸ್ತಕದಾಗ ತಪ್ಪ ಅಚ್ಚ ಆಗೈತಿ ಅನ್ಕೊಂಡಿದ್ದೆ, ಭಾಗಿಸಿದ್ರ ಸಣ್ಣದಾಗಬೇಕಲ್ಲ ಅಂತ.

ಇನ್ನೊಂದು ಹೇಳ್ರಿ, ಈ ಶಬ್ದಗಳದ್ದ ದೊಡ್ಡ ಗೋಳು. ಸಮಾಂತರ ಶ್ರೇಢಿ, ಬಹುಪದೋಕ್ತಿ, ಚರಾಕ್ಷರ, ಬಹುಲಕ, ವಿಕರ್ಣ. ಇದು ಕನ್ನಡ ಮಾಧ್ಯಮ ಅಂತ. ನಾ ಹುಟ್ಟಿದಾಗಿಂದ ಕನ್ನಡ ಮಾತಾಡ್ತೀನಿ, ಒಂದೂ ಕೇಳಿಲ್ಲ.

ಗೌಂಡಿ ಜಮಖಂಡಿ:
ಕರ್ಣ ಅಂದ್ರ ಮಹಾಭಾರತದಾಂವ ಅಲ್ಲೇನ್ರಿ?

ಗೋಕಾಕ ರಿಟೈರ್ಡ್ ಮಾಸ್ತರ:
ಶಬ್ದದ ಬಗ್ಗೆ ನಿಮ್ಮ ಸಿಟ್ಟು ಬರೋಬ್ಬರಿ. ಅರ್ಧ ಗ್ವಾಡಿ ಶಬ್ದದ್ದು, ಅರ್ಧ ಗ್ವಾಡಿ ಆರನೇತ್ತಾದ್ದು. ಒಡದು ನೋಡಿದ್ರ ಕೆಲವು ಪಾಪ ಸಂಭಾವಿತ ಶಬ್ದ ಅದಾವ. ಬಹುಲಕ ಅಂದ್ರ ಬಹಳ ಸಲ ಬಂದದ್ದು. ನಿಮ್ಮ ಅಳತಿ ವಹಿ ತಗೀರಿ, ಯಾವ ಸೈಜು ಎಲ್ಲಾಕಿಂತ ಹೆಚ್ಚು ಸಲ ಬಂದೈತಿ, 34 ಬಂದಿದ್ರ ಅದ ಬಹುಲಕ, ಆ ಸೈಜಿನ ಅಸ್ತರ ಹೆಚ್ಚು ತಂದಿಟ್ಕೊಂಡಿರ್ತೀರಿ. ಚರಾಕ್ಷರ ಅಂದ್ರ ಚಲಿಸೂ ಅಕ್ಷರ, ಅದರ ಬೆಲೆ ಬದಲಾಗ್ತೈತಿ ಅಂತ. ಪಕ್ಷಾಂತರ ಅಂತ ಒಂದ ಐತಿ ನೋಡ್ರಿ, ಈಕ್ವಲ್ ಚಿಹ್ನೆದ ಈ ಪಕ್ಷದಿಂದ ಆ ಪಕ್ಷಕ್ಕ ಹೋಗೂದು.

ಚಿಕ್ಕೋಡಿ ಸ್ಟೇರಿಂಗ್:
ಹೋದ ಕೂಡ್ಲೆ ಚಿಹ್ನೆ ಬದಲಾಕೈತಿ. ಇದು ಮಾತ್ರ ನಮ್ಮ ರಾಜ್ಯದಾಗ ಯಾರಿಗೂ ಕಲಸೂ ಅವಶ್ಯ ಇಲ್ಲ 😂

ಗೋಕಾಕ ರಿಟೈರ್ಡ್ ಮಾಸ್ತರ:
😀 ಹೌದು. ಆದ್ರ ಲೆಕ್ಕದಾಗ ಅದಕ್ಕೂ ಕಾರಣ ಐತಿ. ತಕ್ಕಡಿ ನೆನಸ್ಕೊರಿ, ಎರಡೂ ಕಡೆಯಿಂದ 12 ತಗದ್ವಿ ಅಷ್ಟ. ಈ ಕಡೆದು ಮಾಯ ಆತು, ಆ ಕಡೆ ಮೈನಸ್ 12 ಅಂತ ಕಾಣಿಸ್ತು. ಯಾರೂ ಜಿಗದು ಹೋಗಿಲ್ಲ.

ಗೌಂಡ್ಯಾರ, ಕರ್ಣ ನಿಮಗ ಗೊತ್ತಿದ್ದದ್ದ. ಪಾಯಾ ಹಾಕೂವಾಗ ಮೂಲಿ ಹ್ಯಾಂಗ ಹಿಡೀತೀರಿ, ಹೇಳ್ರಿ.

ಗೌಂಡಿ ಜಮಖಂಡಿ:
ಗುಣ್ಯಾಕ್ಕ ತರೂದಾ, ಅಂದ್ರ ಮೂಲಿ 90 ಡಿಗ್ರಿ ಮಾಡೂದಾ? ಒಂದ ಕಡಿ 3 ಅಡಿಗೆ ಗುರ್ತ, ಇನ್ನೊಂದ ಕಡಿ 4 ಅಡಿಗೆ ಗುರ್ತ, ಅಡ್ಡ ಟೇಪ ಹಿಡಿದ್ರ ಕರೆಕ್ಟ್ 5 ಅಡಿ ಬರಬೇಕು, ಬಂದ್ರ ಮೂಲಿ ಗುಣ್ಯಾದಾಗ ಐತಿ, ದೊಡ್ಡ ಮನಿ ಇದ್ರ 6, 8, 10 ಹಿಡೀತೀವಿ. ಆ ಅಡ್ಡ ಹಿಡದದ್ದು ಕರ್ಣಾ?

ಗೋಕಾಕ ರಿಟೈರ್ಡ್ ಮಾಸ್ತರ:
ಅದ. ಪುಸ್ತಕದಾಗ ಇದಕ್ಕ ವಿಕರ್ಣ ಅಂತಾರ. ಮೂರ್ ಮೂರ್ಲೆ 9, ನಾಕ್ ನಾಕ್ಲೆ 16, ಕೂಡಿಸಿದ್ರ 25, ಐದ್ ಐದ್ಲೆ 25. ಸ್ಟೇರಿಂಗ್ ಸಾಹೇಬ್ರು ಬಾಯಿಪಾಠ ಮಾಡಿದ ಪೈಥಾಗೊರಸ್ ಇದ.

ಗುಮ್ಮಟ ಕಂಪೌಂಡ್ ವಿಜಯಪುರ:
ಲೆಕ್ಕದ ಮಾತು ಬಂದ ಮ್ಯಾಲೆ ನಮ್ಮ ಊರು ಬಿಟ್ರ ಹ್ಯಾಂಗ್ರಿ. ಭಾಸ್ಕರಾಚಾರ್ಯರು ನಮ್ಮ ವಿಜಾಪುರದವರು, ಲೀಲಾವತಿ ಬರದವರು. ನಮ್ಮ ಮಣ್ಣಿನ್ಯಾಗೇ ಗಣಿತ ಅದ. ಇನ್ನ ಹತ್ತನೇತ್ತಾದಾಗ (ಅ + ಬ)² ಬರ್ತದಲ್ಲ, ಅದನ್ನ ನಾ ನಮ್ಮ ಹುಡುಗಿಗೆ ಗೋಳಗುಮ್ಮಟದಾಗ ನಿಂತು ಹೇಳಿದೆ. ಒಳಗ ಒಂದೊಂದು ಬದಿ 135 ಅಡಿ 5 ಇಂಚು ಅದ. ನೆಲ ಎಷ್ಟು ಚದರ ಅಡಿ? ಒಮ್ಮಿಗಲೇ ಗುಣಿಸ್ಲಿಕ್ಕೆ ಹೋಗಬ್ಯಾಡ್ರಿ. ಮೊದಲ 135 × 135, ಅದು 18,225. ಉಳದ 5 ಇಂಚಿನ ಪಟ್ಟಿ ಎರಡು ಬದಿಗೆ ಉಳೀತದ, 135 ಅಡಿ ಉದ್ದ, 5 ಇಂಚು ಅಗಲ, ಅಂಥಾವ ಎರಡು ಪಟ್ಟಿ ಕೂಡಿ ನೂರಾ ಹನ್ನೆರಡೂವರಿ. ಆಮ್ಯಾಲೆ ಮೂಲ್ಯಾಗ 5 ಇಂಚು 5 ಇಂಚಿನ ಒಂದು ಸಣ್ಣ ತುಂಡು, ಅದು ಚದರ ಅಡಿಯೊಳಗ ಐದನೇ ಪಾಲೂ ಇಲ್ಲ. ಒಟ್ಟು 18,337 ಮ್ಯಾಲೆ ಚೂರು. ಪುರಾತತ್ವದವರ ಲೆಕ್ಕನೂ 18,337 ಚದರ ಅಡಿನೇ.

ನವನಗರ ಜಂಪರ್:
ಸರ, ಆ ಎರಡು ಪಟ್ಟಿ ಅಂದ್ರೆಲ್ಲ, ಅದ 2ಅಬ ಏನ್ರಿ? ನಾ ಯಾವಾಗಲೂ ಅ² + ಬ² ಅಷ್ಟ ಬರದು ಬಿಡ್ತಿದ್ದೆ, ನಡಕಿಂದು ಎಲ್ಲಿಂದ ಬಂತು ಅಂತ ತಿಳೀತಿರ್ಲಿಲ್ಲ. ಸೀರಿಗೆ ಎರಡು ಬದಿ ಅಂಚು ಹಚ್ಚಿದಂಗ, ಮೂಲ್ಯಾಗ ಒಂದ ಚೂರು ಉಳೀತೈತಿ.

ಗುಮ್ಮಟ ಕಂಪೌಂಡ್ ವಿಜಯಪುರ:
ಅದೇ ನೋಡ್ರಿ ಅಕ್ಕಾರ. ಅಂಚು ಮರತ್ರ ಮಾರ್ಕ್ಸ್ ಹೋತು.

ಗೋಕಾಕ ರಿಟೈರ್ಡ್ ಮಾಸ್ತರ:
ಗುಮ್ಮಟದ ಲೆಕ್ಕಕ್ಕ ಶಾಬಾಸ್. ಭಾಸ್ಕರಾಚಾರ್ಯರ ವಿಷಯ ಮಾತ್ರ ಸಾವಕಾಶ ಹೇಳ್ರಿ. 1114ರಾಗ ಹುಟ್ಟಿದವರು, ತಮ್ಮ ಊರು ವಿಜ್ಜಡವಿಡ ಅಂತ ತಾವ ಬರ್ಕೊಂಡಾರ. ಅದು ವಿಜಾಪುರ ಅಂತ ಹೇಳೂವ್ರು ಅದಾರ, ಮಹಾರಾಷ್ಟ್ರದ ಚಾಳೀಸಗಾಂವ ಹತ್ರ ಪಾಟಣಾದಾಗ ಅವರ ಮೊಮ್ಮಗನ ಕಾಲದ ಶಾಸನ ಸಿಕ್ಕೈತಿ, ಅದಕ್ಕ ಆ ಕಡೆ ಅನ್ನೂವ್ರೂ ಅದಾರ. ನಮ್ಮ ಕಡೆ ಅಂತ ಹೇಳ್ಕೊಳ್ಳಾಕ 12ನೇ ಶತಮಾನದ ರಾಜಾದಿತ್ಯ ಅದಾನ, ಕನ್ನಡದಾಗೇ ವ್ಯವಹಾರಗಣಿತ ಬರದಾಂವ. ಆ ತಂಗಿ ಶಬ್ದದ ಬಗ್ಗೆ ಕೇಳಿದ್ಲಲ್ಲ, ಕೊಳ್ಳೂದು ಕೊಡೂದು ಲೆಕ್ಕಾ ಎಲ್ಲಾ ಕನ್ನಡದಾಗ ಹೇಳೂದು ನಮ್ಮಲ್ಲಿ ಹೊಸಾದೇನಲ್ಲ.

ಗುಮ್ಮಟ ಕಂಪೌಂಡ್ ವಿಜಯಪುರ:
ಪಾಟಣಾ ಗೀಟಣಾ ನಾ ಒಪ್ಪೂದಿಲ್ಲ ಸರ. ಇರ್ಲಿ, ಇದು ಅಕ್ಕಾರ ಥ್ರೆಡ್.

ನವನಗರ ಜಂಪರ್:
ಲಗ್ನದ ಸೀಸನ್ ಇತ್ತು, ಅದಕ್ಕ ಮೂರು ವಾರ ಬರಾಕ ಆಗಿಲ್ಲ. ದಿನಾ ರಾತ್ರಿ ಹತ್ತರ ಮ್ಯಾಲ ಒಂದ ತಾಸು ಕುಂದ್ರತೀನಿ, ಐದನೇತ್ತಾದಿಂದ ಪುಸ್ತಕ ಮೊಬೈಲಿಗೆ ಇಳಿಸ್ಕೊಂಡೀನಿ, ಸರ್ಕಾರದ ಪಠ್ಯಪುಸ್ತಕ ಫುಕಟ್ ಸಿಗ್ತಾವ. ಐದು, ಆರು ಮುಗೀತು. ಏಳನೇತ್ತಾ ನಡದೈತಿ, ನಾ ಬಿಟ್ಟ ಜಾಗಾಕ್ಕ ಬಂದೀನಿ. ಹತ್ತನೇತ್ತಾ ಇನ್ನೂ ಮುಟ್ಟಿಲ್ಲ, ಅದೊಂದು ಹೆದರಿಕಿ ಐತಿ.

ನಿನ್ನಿ ಮಗಗ ಹೋಂವರ್ಕ್ ಕೊಟ್ಟಿದ್ರು, 4ಕ್ಷ − 2(ಕ್ಷ − 5) = 24. ಅಂವಾ ಗಡಿಬಿಡ್ಯಾಗ 17 ಬರದ. ನಾ ಅಂದೆ ಇಟ್ಟು ನೋಡು. ನಾಕ್ ಹದಿನೇಳ್ಲೆ 68, ಅದರಾಗ 24 ಕಳದ್ರ 44. ಇಪ್ಪತ್ನಾಕು ಬರ್ಲಿಲ್ಲ. "ಮೈನಸ್ ಮೈನಸ್ ಪ್ಲಸ್ ಮರತೆ ಯವ್ವಾ" ಅಂದ. ಮರತೆ ಅಂತ. 7 ಬರ್ತೈತಿ ಅದು. ನಾ ಏನೂ ಹೇಳ್ಲಿಲ್ಲ, ಡಬ್ಬಿ ಕಥಿ ಹೇಳಾಕ ಹೋದ್ರ ಊಟಾ ತಣ್ಣಗ ಆಗ್ತಿತ್ತು.

ಉದ್ರಿ ಅಂಗಡಿ ಬನಹಟ್ಟಿ:
28 − 4 = 24. ತಾಳೆ ಆತು.

ಚಿಕ್ಕೋಡಿ ಸ್ಟೇರಿಂಗ್:
ಅಕ್ಕಾರ ಎಲ್ಲಾ ಛಲೋ, ಆದ್ರ ಏಳನೇತ್ತಾದಾಗ ಇದ್ರ ಮಾರ್ಚ್ ಒಳಗ ಹತ್ತಕ್ಕ ಮುಟ್ಟೂದಿಲ್ಲ, ಬರ್ದಿಟ್ಕೊರಿ. ಈಗ ವರ್ಷಕ್ಕ ಒಂದ ಪರೀಕ್ಷಾ ಅಲ್ಲ, 2024ರಾಗ ಮೂರು ಮಾಡಿದ್ರು, ಒಂದು ಹೋದ್ರ ಇನ್ನೊಂದು ಐತಿ. ಪಾಸಿಂಗ್ ಮಾರ್ಕ್ಸ್ ನಿಯಮ ಬದಲಾಗ್ತಿರ್ತೈತಿ, ಆ ವರ್ಷದ ಸುತ್ತೋಲೆ ನೋಡ್ರಿ. ಮತ್ತ ಹಗಲಿಗೆ ನಿಮ್ಮ ಆರನೇತ್ತಾ ಏಳನೇತ್ತಾ ತಿಳ್ಕೊರಿ, ರಾತ್ರಿ ಹದಿನೈದ ನಿಮಿಷ ನನ್ನ ಪ್ಯಾಕೇಜ್ ಓದ್ರಿ. ಗ್ರಾಫಿನಿಂದ ಚಾಲೂ ಮಾಡ್ರಿ, ನಿಮಗ ಅಳತಿ ಕೈ ಐತಿ.

ಗೋಕಾಕ ರಿಟೈರ್ಡ್ ಮಾಸ್ತರ:
ಈ ಮಾತಿಗೆ ನನ್ನ ತಕರಾರು ಇಲ್ಲ.

ನವನಗರ ಜಂಪರ್:
ಹಂಗ ಮಾಡ್ತೀನ್ರಿ. ಗ್ರಾಫ್ ಹಾಳಿ ಬಿಡಿ ಸಿಗ್ತಾವೋ, ಪುಸ್ತಕನ ತಗೋಬೇಕೋ? ನಾಳೆ ಅಸ್ತರ ತರಾಕ ಹಳೇ ಬಾಗಲಕೋಟಿಗೆ ಹೊಂಟೀನಿ, ಅಲ್ಲೇ ಕೇಳ್ತೀನಿ.